ಪಗಾರಕ್ಕೆ ಶಾಸಕರ ಚೀಟಿ ಯಾಕೆ ಬೇಕು? ವರ್ಷದ ಕೊನೆಯ ಪ್ರಶ್ನೋತ್ತರ

ವರ್ಷದ ಕೊನೆಯ ಸಂಚಿಕೆಗೆಂದು ಪತ್ರಿಕೆಯವರು ಓದುಗರಿಂದ ಪ್ರಶ್ನೆ ಕರೆದಿದ್ದರು. ಬಂದ ಪತ್ರಗಳನ್ನೆಲ್ಲ ಕಟ್ಟು ಕಟ್ಟಿ ನನಗೆ ಕಳಿಸಿದ್ದಾರೆ. ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣಾ ದಂಡೆಯ ಒಂದು ಮತಕ್ಷೇತ್ರದ ಶಾಸಕ. ಪಕ್ಷದ ಮಾತು ಈ ಅಂಕಣದಲ್ಲಿ ಬೇಡ ಎಂದು ಸಂಪಾದಕರು ಹೇಳಿದರು, ನನಗೂ ಅದೇ ಸರಿ ಅನಿಸಿತು. ಕ್ಷೇತ್ರದ ಕೆಲಸದ ಬಗ್ಗೆ ಕೇಳಿದ್ದನ್ನಷ್ಟೇ ಆರಿಸಿಕೊಂಡಿದ್ದೇನೆ. ಒಂದೇ ಥರದ ಪತ್ರಗಳು ಹಲವು ಇದ್ದಲ್ಲಿ ಒಂದಕ್ಕೆ ಉತ್ತರಿಸಿದ್ದೇನೆ.

ಪ್ರಶ್ನೆ: ಶಾಸಕರ ಕೆಲಸ ಕಾನೂನು ಮಾಡುವುದು ಎಂದು ಪುಸ್ತಕದಲ್ಲಿ ಓದಿದ್ದೇವೆ. ಊರಲ್ಲಿ ನೋಡಿದರೆ ಬೆಳಗಾದರೆ ಶಾಸಕರ ಮನೆ ಮುಂದೆ ಅರ್ಜಿ ಹಿಡಿದವರ ಸಾಲು. ಯಾವುದು ನಿಜವಾದ ಕೆಲಸ? (ಪದವಿ ವಿದ್ಯಾರ್ಥಿನಿ, ವಿಜಯಪುರ)

ಎರಡೂ ನಿಜ ತಂಗಿ. ವಿಧಾನಸಭೆಯ 224 ಜನರಲ್ಲಿ ನಾನೂ ಒಬ್ಬ. ಮಸೂದೆ ಬಂದರೆ ಓದಬೇಕು, ಮಾತಾಡಬೇಕು, ಮತ ಹಾಕಬೇಕು. ಆದರೆ ವರ್ಷದಲ್ಲಿ ಸದನ ಕೂಡುವ ದಿನಗಳು ಕಡಿಮೆ, ಉಳಿದದ್ದೆಲ್ಲ ಕ್ಷೇತ್ರದ್ದು. ಬೆಳಿಗ್ಗೆ ಚಹಾ ಮುಗಿಯುವಷ್ಟರಲ್ಲಿ ಅಂಗಳದಲ್ಲಿ ಜನ ಬಂದು ಕೂತಿರುತ್ತಾರೆ. "ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ವಾರ ಆತ್ರೀ ಸಾಹೇಬ್ರ, ಕಬ್ಬು ಒಣಗಾಕ ಹತ್ತೈತಿ." "ರೇಷನ್ ಕಾರ್ಡಿನ್ಯಾಗ ಸೊಸಿ ಹೆಸರು ಸೇರಸವಲ್ರು." "ಹೊಲಕ್ಕ ಹೋಗೋ ದಾರಿಗೆ ಬಾಜೂದವರು ಮುಳ್ಳು ಹಚ್ಯಾರ." ಮಗಳಿಗೆ ಹಾಸ್ಟೆಲ್ ಸೀಟು ಬೇಕು, ಅಳಿಯನಿಗೆ ವರ್ಗಾವಣೆ ಬೇಕು, ತಂದೆಯ ಆಪರೇಷನ್ ಬಿಲ್ಲು ಕಟ್ಟಬೇಕು.

ಈ ಎರಡು ಕೆಲಸಗಳ ನಡುವೆ ಒಂದು ದಾರಿ ಇದೆ, ಈ ವರ್ಷ ನಾನು ಹೆಚ್ಚು ಓಡಾಡಿದ್ದು ಅದರಲ್ಲೇ. ಬಂದ ಅರ್ಜಿಗಳನ್ನೆಲ್ಲ ನಮ್ಮ ಕಚೇರಿಯ ಹುಡುಗರು ಇಲಾಖೆವಾರು, ಪಂಚಾಯಿತಿವಾರು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ತಿಂಗಳ ಕೊನೆಗೆ ಆ ರಿಜಿಸ್ಟರ್ ಹಿಡಿದು ಕೂತರೆ ತಾಲೂಕಿನ ನಾಡಿ ಸಿಗುತ್ತದೆ. ಒಂದೇ ತಕರಾರು ಏಳೆಂಟು ಪಂಚಾಯಿತಿಗಳಿಂದ ಬಂದರೆ ಒಬ್ಬೊಬ್ಬರ ಸಲುವಾಗಿ ಫೋನ್ ಮಾಡುತ್ತ ಕೂತು ಪ್ರಯೋಜನವಿಲ್ಲ. ಮೊದಲು ಇಲಾಖೆಗಳ ಕೆಲಸದ ಪ್ರಗತಿ ನೋಡುವ ತಾಲೂಕು ಕೆಡಿಪಿ ಸಭೆಗೆ ಒಯ್ಯುತ್ತೇನೆ, ಅಲ್ಲಿ ಶಾಸಕನೇ ಅಧ್ಯಕ್ಷ. ಅಲ್ಲಿಯೂ ಬಗೆಹರಿಯದಿದ್ದರೆ ಸದನದಲ್ಲಿ ಪ್ರಶ್ನೆ ಹಾಕುತ್ತೇನೆ. ಅಂಗಳಕ್ಕೆ ಬಂದ ಕಾಗದವೇ ಸದನದ ಪ್ರಶ್ನೆಯಾಗಬೇಕು. ಹಾಗಾಗದಿದ್ದರೆ ಅದೇ ಕಾಗದ ಹಿಡಿದು ಬರುವ ಜನರ ಸಾಲು ಎಂದಿಗೂ ಕರಗುವುದಿಲ್ಲ.

ಪ್ರಶ್ನೆ: ನಮ್ಮ ಅವ್ವನ ವಿಧವಾ ಪಗಾರ (ಪಿಂಚಣಿ) ಹಲವು ತಿಂಗಳಿಂದ ನಿಂತಿದೆ. ನಾಡಕಚೇರಿಯವರು ಬ್ಯಾಂಕಿಗೆ ಕಳಿಸುತ್ತಾರೆ, ಬ್ಯಾಂಕಿನವರು ತಲಾಟಿ (ಗ್ರಾಮ ಲೆಕ್ಕಿಗ) ಕಡೆ ಕಳಿಸುತ್ತಾರೆ. ಕೊನೆಗೆ "ಶಾಸಕರ ಚೀಟಿ ತೊಗೊಂಡು ಬರ್ರಿ" ಅಂದರು. ಚೀಟಿ ಕೊಡುತ್ತೀರಾ? (ಓದುಗರು, ಮುಧೋಳ ತಾಲೂಕು)

ನಿಮ್ಮ ಶಾಸಕರು ಬೇರೆಯವರು. ಆದರೂ ಈ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಈ ವರ್ಷ ನಮ್ಮ ರಿಜಿಸ್ಟರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬರೆಸಿಕೊಂಡದ್ದು ಇದೇ ತಕರಾರು.

ವಿಧವಾ ವೇತನ ತಿಂಗಳಿಗೆ 800 ರೂಪಾಯಿ. ವಯಸ್ಸಾದವರ ಸಂಧ್ಯಾ ಸುರಕ್ಷಾ 1,200. ಪೇಟೆಯಲ್ಲಿ ಕೂತವರಿಗೆ ಇದು ಸಣ್ಣ ಮೊತ್ತ. ಒಬ್ಬಳೇ ಇರುವ ಹೆಣ್ಣುಮಗಳಿಗೆ ಅದು ಬಿಪಿ ಗುಳಿಗೆ, ಅಂಗಡಿಯ ಉದ್ರಿ, ಮೊಮ್ಮಗನ ಕೈಗೆ ಇಡುವ ಹತ್ತು ರೂಪಾಯಿ. ಮಳೆಗಾಲದಲ್ಲಿ ನಮ್ಮ ಹತ್ತಿರ ಒಬ್ಬ ಅಜ್ಜಿ ಬಂದಿದ್ದರು. ಪಾಸ್‌ಬುಕ್ಕು, ಆಧಾರ್ ಕಾರ್ಡು, ಗಂಡನ ಮರಣ ಪತ್ರ ಮೂರನ್ನೂ ಸಕ್ಕರೆ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೆರಗಿಗೆ ಗಂಟು ಹಾಕಿಕೊಂಡಿದ್ದರು. ಪಾಸ್‌ಬುಕ್ಕಿನಲ್ಲಿ ಎಂಟ್ರಿ ಒಂದು ತಿಂಗಳಿಗೆ ನಿಂತುಬಿಟ್ಟಿತ್ತು. ತಹಶೀಲ್ದಾರ್ ಕಚೇರಿಯ ಕಂಪ್ಯೂಟರಿನಲ್ಲಿ ನೋಡಿದರೆ ಹಣ ಪ್ರತಿ ತಿಂಗಳೂ ಹೋಗುತ್ತಲೇ ಇದೆ! ಎಲ್ಲಿಗೆ? ಮಹಿಳಾ ಸಂಘದ ಸಾಲಕ್ಕಾಗಿ ಆಕೆ ಬೇರೆ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದಿದ್ದರು. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆಯಾಗಿದೆಯೋ ಸರ್ಕಾರದ ಹಣ ಆ ಖಾತೆಗೆ ಹೋಗುತ್ತದೆ. ಆ ಪಾಸ್‌ಬುಕ್ಕು ಮನೆಯ ಟ್ರಂಕಿನಲ್ಲಿತ್ತು. "ನನ್ನ ರೊಕ್ಕ ನನ್ನ ಹೆಸರಿಗೇ ಹೊಂಟಿತ್ತಲ್ಲೋ ಯಪ್ಪಾ, ಯಾರೂ ಒಂದ್ ಮಾತ್ ಹೇಳ್ಲಿಲ್ಲ" ಎಂದು ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಹೇಳಬೇಕಾದವರು ಮೂರು ಕಚೇರಿಯಲ್ಲಿದ್ದರು. ಯಾರಿಗೂ ಅದನ್ನು ನೋಡಿ ಹೇಳಲು ಐದು ನಿಮಿಷ ಬೇಕಿರಲಿಲ್ಲ.

ಮುಂದಿನ ಕೆಡಿಪಿ ಸಭೆಯಲ್ಲಿ ತಾಲೂಕಿನಲ್ಲಿ ಪಿಂಚಣಿ ನಿಂತವರ ಪಟ್ಟಿಯನ್ನು ಪಂಚಾಯಿತಿವಾರು ಕೇಳಿದೆ. ಕಾರಣವನ್ನೂ ಬರೆಸಿದೆ: ಆಧಾರ್ ಬೇರೆ ಖಾತೆಗೆ ಜೋಡಣೆಯಾದದ್ದು, ಹೆಸರಿನ ಅಕ್ಷರ ತಾಳೆಯಾಗದ್ದು, ಪರಿಶೀಲನೆಗೆ ಹೋದಾಗ ಮನೆಯಲ್ಲಿರದೆ "ವಾಸವಿಲ್ಲ" ಎಂದು ಬರೆದದ್ದು. ಈ ಮೂರನೆಯದು ನಮ್ಮ ಕಡೆ ಬಹಳ. ಸುಗ್ಗಿ ಮುಗಿದ ಮೇಲೆ ಗೋವಾಕ್ಕೋ ಮಂಗಳೂರಿಗೋ ಮಗನ ಸಂಗಡ ದುಡಿಯಲು ಹೋದ ಹೆಣ್ಣುಮಕ್ಕಳು ಊರು ಬಿಟ್ಟವರಲ್ಲ. ಆಮೇಲೆ ಹೋಬಳಿ ಮಟ್ಟದಲ್ಲಿ ಪಿಂಚಣಿ ಅದಾಲತ್ ಮಾಡಿದಾಗ ನಾಡಕಚೇರಿಯವರು, ಬ್ಯಾಂಕಿನವರು, ಅಂಚೆಯವರು, ತಲಾಟಿ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದೆವು. ಒಬ್ಬರು ಇನ್ನೊಬ್ಬರ ಕಡೆ ಕಳಿಸಲು ಜಾಗವೇ ಉಳಿಯಲಿಲ್ಲ. ಅರ್ಧಕ್ಕಿಂತ ಹೆಚ್ಚಿನವು ಅಲ್ಲೇ ಬಗೆಹರಿದವು.

ಇನ್ನು ಚೀಟಿಯ ವಿಷಯ. ಪಿಂಚಣಿ ಸರ್ಕಾರದ ಆದೇಶಗಳ ಪ್ರಕಾರ ನಿಮ್ಮ ಅವ್ವನಿಗೆ ಬರಬೇಕಾದದ್ದು. ಅದಕ್ಕೆ ಶಾಸಕರ ಶಿಫಾರಸು ಬೇಕು ಎಂದು ಯಾವ ನಿಯಮದಲ್ಲೂ ಇಲ್ಲ. ಚೀಟಿ ಕೇಳಿದ ನೌಕರ ತನ್ನ ಕೆಲಸವನ್ನು ನನ್ನ ಮೇಲೆ ಹಾಕುತ್ತಿದ್ದಾನೆ, ಅಷ್ಟೇ ಅಲ್ಲ, ನಿಮ್ಮ ಹಕ್ಕನ್ನು ನನ್ನ ಉಪಕಾರ ಮಾಡಿಬಿಡುತ್ತಿದ್ದಾನೆ. ಚೀಟಿ ಕೊಟ್ಟರೆ ನಾಳೆ ಚೀಟಿ ಇಲ್ಲದವರ ಅರ್ಜಿ ಕೆಳಗೆ ಬೀಳುತ್ತದೆ. ಅದಕ್ಕೇ ಈಗ ನಮ್ಮಲ್ಲಿ ಪಗಾರಕ್ಕೆ ಚೀಟಿ ಬರೆಯುವುದನ್ನು ನಿಲ್ಲಿಸಿದ್ದೇವೆ. ಬದಲಿಗೆ ಯಾವ ಟೇಬಲ್ಲಿನಲ್ಲಿ ಅರ್ಜಿ ನಿಂತಿದೆ ಎಂದು ನಮ್ಮ ಹುಡುಗರು ಫೋನ್ ಮಾಡಿ ಕೇಳಿ, ಉತ್ತರವನ್ನು ಅರ್ಜಿದಾರರ ಮುಂದೆಯೇ ಬರೆದುಕೊಳ್ಳುತ್ತಾರೆ. ಹೊಸ ಅರ್ಜಿ ಹಾಕುವವರು ಸಕಾಲ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಸಕಾಲ 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಕಾಯ್ದೆ. ಸ್ವೀಕೃತಿ ಪತ್ರದಲ್ಲಿ 15 ಅಂಕಿಯ ನಂಬರ್ ಇರುತ್ತದೆ, ಎಷ್ಟು ದಿನದಲ್ಲಿ ಕೆಲಸ ಆಗಬೇಕು ಎಂದಿರುತ್ತದೆ. ತಡವಾದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರವನ್ನೂ ಕೇಳಬಹುದು. ರೊಕ್ಕ ಸಣ್ಣದು. ಆದರೆ ತಡ ಮಾಡಿದವರ ಹೆಸರು ಕಾಗದದ ಮೇಲೆ ಬರುತ್ತದೆ, ಅದಕ್ಕೆ ಬೆಲೆ ಇದೆ.

ಪ್ರಶ್ನೆ: ನಮ್ಮೂರು ಆಲಮಟ್ಟಿ ಹಿನ್ನೀರಿನ ಮುಳುಗಡೆ ಪಟ್ಟಿಯಲ್ಲಿದೆ. ಮನೆಯ ಮಾಳಿಗೆ ಸೋರುತ್ತದೆ. ದುರಸ್ತಿ ಮಾಡಿಸಬೇಕೋ, ಊರು ಬಿಡುವ ದಿನ ಕಾಯಬೇಕೋ? (ರೈತ, ಬೀಳಗಿ ತಾಲೂಕು)

ದುರಸ್ತಿ ಮಾಡಿಸಿರಿ ಅಣ್ಣಾರ. ಸೋರುವ ಮಾಳಿಗೆ ಕೆಳಗೆ ಮಕ್ಕಳನ್ನು ಮಲಗಿಸಿ ಸರ್ಕಾರದ ಆದೇಶ ಕಾಯಬೇಡಿ.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಇವತ್ತು ಅಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ರಾಜ್ಯಗಳ ನಡುವೆ ನೀರು ಹಂಚುವ ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರ ಡಿಸೆಂಬರ್ 30ರಂದು ಕೊಟ್ಟ ತೀರ್ಪಿನಲ್ಲಿ 524.256 ಮೀಟರ್‌ಗೆ ಏರಿಸಲು ಒಪ್ಪಿಗೆ ಸಿಕ್ಕಿತು. ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಇನ್ನೂ ಪ್ರಕಟವಾಗಿಲ್ಲ, ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿದೆ. ಈ ಎರಡು ಅಂಕಿಗಳ ನಡುವಿನ ನಾಲ್ಕೂವರೆ ಮೀಟರಿನಲ್ಲಿ ನಮ್ಮ ಹೊಲ, ಮನೆ, ಗುಡಿ, ಗೋರಿಗಳಿವೆ. ಅಲ್ಲಿಯ ಜನ ಮಾಳಿಗೆ ತೆಗೆದು ಆರ್‌ಸಿಸಿ ಹಾಕಿಸಲಿಲ್ಲ, ಬೋರು ಕೊರೆಸಲಿಲ್ಲ. ಎಷ್ಟೋ ಮನೆಗಳಲ್ಲಿ "ಮುಳುಗಡೆ ಊರಿಗೆ ಹೆಣ್ಣು ಕೊಡೂದಿಲ್ಲ" ಎಂಬ ಮಾತು ಕೇಳಿ ಬಂದವರಿದ್ದಾರೆ. ಶಾಲೆಗೆ ಕೊಠಡಿ ಕೇಳಿದರೆ ಅಧಿಕಾರಿಗಳು "ಹೆಂಗೂ ಮುಳುಗೂ ಊರಲ್ರಿ" ಎನ್ನುತ್ತಾರೆ. ಈ ಮಾತಿಗೆ ನಾನು ಪ್ರತಿ ಸಭೆಯಲ್ಲಿ ಸಿಟ್ಟಾಗಿದ್ದೇನೆ. ಊರು ಎಂದೋ ಮುಳುಗುತ್ತದೆ ಎಂದು ಇವತ್ತು ಓದುವ ಮಗು ಗಿಡದ ಕೆಳಗೆ ಕೂರಬೇಕೇ?

2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿ ಇದ್ದರೆ 40 ಲಕ್ಷ, ಒಣಬೇಸಾಯ ಇದ್ದರೆ 30 ಲಕ್ಷ ಎಂದು ನಿರ್ಧಾರ ಮಾಡಿದೆ. ದರ ಗೊತ್ತಾದದ್ದು ಒಳ್ಳೆಯದಾಯಿತು. ಈಗ ನಿಮ್ಮ ಕೈಯಲ್ಲಿರುವ ಕೆಲಸ ಒಂದಿದೆ: ಉತಾರ (ಪಹಣಿ) ತೆಗೆಸಿ ನೋಡಿ. ನಮ್ಮ ಕಡೆ ಎಷ್ಟೋ ಉತಾರಗಳು ಇನ್ನೂ ಅಜ್ಜನ ಹೆಸರಲ್ಲೇ ಇವೆ. ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರು ಸೇರಿಸಿ. ಹೆಣ್ಣುಮಕ್ಕಳ ಹೆಸರು ಬಿಡಬೇಡಿ, ಆಸ್ತಿಯಲ್ಲಿ ಅವರಿಗೂ ಸಮಪಾಲು ಇದೆ. ಅವರನ್ನು ಬಿಟ್ಟು ಮಾಡಿದ ಕಾಗದ ಮುಂದೆ ತಂಟೆಗೆ ಬೀಳುತ್ತದೆ, ತಂಟೆಗೆ ಬಿದ್ದರೆ ಪರಿಹಾರದ ದುಡ್ಡು ನಿಮ್ಮ ಖಾತೆಗೆ ಬರುವ ಬದಲು ನ್ಯಾಯಾಲಯದಲ್ಲಿ ಕೂರುತ್ತದೆ. ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟಿಗೆ ಕೂತು ಮಾತಾಡುವುದು ರೊಕ್ಕ ಬರುವ ಮೊದಲು ಸುಲಭ.

ಇನ್ನೊಂದು ಮಾತು. ಈ ವರ್ಷ ಒಂದು ಪುನರ್ವಸತಿ ಕೇಂದ್ರದ ನಕ್ಷೆಯನ್ನು ಊರಿನವರ ಮುಂದೆ ಹಾಸಿ ತೋರಿಸಿದೆವು. ಗಂಡಸರು ನಿವೇಶನದ ಅಳತೆ ಕೇಳುತ್ತಿದ್ದರು. ಹಿಂದೆ ನಿಂತಿದ್ದ ಒಬ್ಬ ಹೆಣ್ಣುಮಗಳು ಮುಂದೆ ಬಂದು ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು: "ಇದರಾಗ ದ್ಯಾಮವ್ವನ ಗುಡಿ ಎಲ್ಲೈತ್ರಿ? ಕಣ ಎಲ್ಲಿ ಮಾಡೂಣು? ಬಣವಿ ಎಲ್ಲಿ ಒಟ್ಟೂಣು?" ನಕ್ಷೆಯಲ್ಲಿ ಶಾಲೆ ಇತ್ತು, ಪಂಚಾಯಿತಿ ಇತ್ತು, ನೀರಿನ ಟ್ಯಾಂಕ್ ಇತ್ತು, ಅಗಲವಾದ ರಸ್ತೆಗಳಿದ್ದವು. ಎಮ್ಮೆ ಕಟ್ಟಲು, ಮೇವು ಇಡಲು ಜಾಗ ಇರಲಿಲ್ಲ. ಹಳೆಯ ಬಾಗಲಕೋಟೆ ಮುಳುಗಿ ನವನಗರ ಎದ್ದದ್ದನ್ನು ಕಂಡ ಜಿಲ್ಲೆ ನಮ್ಮದು. ಪೇಟೆಯ ಮನೆಯನ್ನು ಹೊಸ ಜಾಗಕ್ಕೆ ಒಯ್ಯಬಹುದು, ದನಕರು ಇರುವ ಒಕ್ಕಲುತನದ ಮನೆಯನ್ನು ಅದೇ ಅಳತೆಯಲ್ಲಿ ಒಯ್ಯಲಾಗುವುದಿಲ್ಲ. ಆ ನಕ್ಷೆಯನ್ನು ಹಿಂದಕ್ಕೆ ಕಳಿಸಿದ್ದೇವೆ. ಸಾಮೂಹಿಕ ಕಣ, ಮೇವಿನ ಜಾಗ, ಗುಡಿಗೆ ಜಾಗ ಬಿಟ್ಟು ಹೊಸದಾಗಿ ಮಾಡಿ ಎಂದು ಬರೆದಿದ್ದೇನೆ, ಆ ಹೆಣ್ಣುಮಗಳು ಕೇಳಿದ ಮೂರೂ ಪ್ರಶ್ನೆಗಳನ್ನು ಪತ್ರದಲ್ಲಿ ಹಾಗೆಯೇ ಇಟ್ಟಿದ್ದೇನೆ. ಹೊಸ ನಕ್ಷೆ ಇನ್ನೂ ಬಂದಿಲ್ಲ. ಬಂದಾಗ ಮೊದಲು ಅವರಿಗೆ ತೋರಿಸುತ್ತೇವೆ.

ಪ್ರಶ್ನೆ: 2019ರ ಪ್ರವಾಹದಲ್ಲಿ ಬಿದ್ದ ಮನೆ ಗೋಡೆ ಮಟ್ಟಕ್ಕೆ ಬಂದು ನಿಂತಿದೆ. ಮುಂದಿನ ಕಂತು ಕೇಳಿದರೆ "ಬ್ಲಾಕ್ ಆಗೈತಿ" ಅನ್ನುತ್ತಾರೆ. (ಜಮಖಂಡಿ ತಾಲೂಕಿನಿಂದ ಇಂಥ ಪತ್ರಗಳು ಹಲವು)

ಆ ಆಗಸ್ಟ್ ಮರೆಯಲಾಗದು. ಮೇಲೆ ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ಬಿಟ್ಟ ನೀರು ಕೃಷ್ಣೆಗೆ, ಹಿಡಕಲ್ ಜಲಾಶಯದ್ದು ಘಟಪ್ರಭೆಗೆ, ಅತ್ತ ಮಲಪ್ರಭೆಯೂ ತುಂಬಿ ಹರಿಯಿತು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತು, ಕಂತುಗಳಲ್ಲಿ. ಪ್ರತಿ ಹಂತಕ್ಕೂ ಪಂಚಾಯಿತಿಯವರು ಬಂದು ಜಿಪಿಎಸ್ ಫೋಟೋ ತೆಗೆದು ವಸತಿ ನಿಗಮದ ತಂತ್ರಾಂಶಕ್ಕೆ ಏರಿಸಬೇಕು. ಗಡುವಿನೊಳಗೆ ಫೋಟೋ ಏರದ ಮನೆಗಳು ಬ್ಲಾಕ್ ಆದವು.

ಫೋಟೋ ಯಾಕೆ ಏರಲಿಲ್ಲ ಎಂದು ಮನೆಮನೆಗೆ ಹೋಗಿ ಕೇಳಿದರೆ ಒಂದೊಂದು ಕಥೆ. ಒಬ್ಬರ ನಿವೇಶನ ಅಣ್ಣತಮ್ಮಂದಿರ ಜಂಟಿ ಹೆಸರಲ್ಲಿದೆ. ಇನ್ನೊಬ್ಬರು ಮೊದಲ ಕಂತಿನಲ್ಲಿ ಬುನಾದಿ ಹಾಕಿ ಸಿಮೆಂಟು, ಕಬ್ಬಿಣದ ರೇಟು ನೋಡಿ ನಿಲ್ಲಿಸಿ ದುಡಿಯಲು ಹೋದರು. ಪಂಚಾಯಿತಿವಾರು ಇಂಥ ಮನೆಗಳ ಪಟ್ಟಿ ಮಾಡಿ, ಕಾರಣ ಬರೆದು, ಜಿಲ್ಲಾಧಿಕಾರಿಗಳ ಮೂಲಕ ಕಳಿಸಿದ್ದೇವೆ. ಸದನದಲ್ಲೂ ಕೇಳಿದೆ. ಕೆಲವು ಬಿಚ್ಚಿದ್ದಾರೆ, ಬಹಳಷ್ಟು ಬಾಕಿ ಇವೆ. ಗೋಡೆ ಮಟ್ಟಕ್ಕೆ ಬಂದವರು ಅದರ ಫೋಟೋ, ಮೊದಲ ಕಂತು ಬಂದ ಪಾಸ್‌ಬುಕ್ ಪುಟ, ಪಂಚಾಯಿತಿಯ ಪಿಡಿಒ (ಅಭಿವೃದ್ಧಿ ಅಧಿಕಾರಿ) ಅವರಿಂದ ಒಂದು ವರದಿ ಇವನ್ನು ಜೋಡಿಸಿಡಿ. ನೆರೆ ಬಂದವರ ಮನೆಗೆ ಗಡುವು ಹಾಕುವಾಗ ಅವರು ದುಡಿಯಲು ಹೋಗುವ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ವಾದ. ಇದನ್ನು ಬಿಡುವುದಿಲ್ಲ.

ಪ್ರಶ್ನೆ: ಕಬ್ಬಿನ ದರಕ್ಕಾಗಿ ಗುರ್ಲಾಪುರ ಕ್ರಾಸಿನಲ್ಲಿ ನಾವು ಚಳಿಯಲ್ಲಿ ಧರಣಿ ಕೂತಾಗ ಶಾಸಕರು ಎಲ್ಲಿದ್ದಿರಿ? ಟನ್ನಿಗೆ 3,500 ಕೇಳಿದೆವು, 3,300 ಆಯಿತು. (ಕಬ್ಬು ಬೆಳೆಗಾರ, ರಬಕವಿ-ಬನಹಟ್ಟಿ)

ನಿಮ್ಮ ಸಿಟ್ಟು ನ್ಯಾಯದ್ದು. ನಾನು ನಮ್ಮ ಭಾಗದ ರೈತರ ಜೊತೆ ಇದ್ದೆ, ಅವರ ಬೇಡಿಕೆಯ ಪ್ರತಿಯನ್ನು ಸರ್ಕಾರಕ್ಕೆ ತಲುಪಿಸಿದ್ದೇನೆ. ಆದರೆ 2025ರ ನವೆಂಬರಿನಲ್ಲಿ ಟನ್ನಿಗೆ 3,300 ಆದದ್ದು ರಸ್ತೆಯಲ್ಲಿ ಕೂತ ರೈತರಿಂದ. ಅದರ ಶ್ರೇಯ ಯಾವ ಶಾಸಕನಿಗೂ ಸೇರದು.

ದರದ ಮೂಲ ದೆಹಲಿಯಲ್ಲಿದೆ. 2025-26ಕ್ಕೆ ಕೇಂದ್ರ ನಿಗದಿ ಮಾಡಿದ ಎಫ್‌ಆರ್‌ಪಿ (ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ) ಕ್ವಿಂಟಲಿಗೆ 355 ರೂಪಾಯಿ, ಅದು ಶೇ 10.25ರಷ್ಟು ಸಕ್ಕರೆ ಇಳುವರಿಗೆ. ಅದರಲ್ಲಿ ಕಟಾವು, ಸಾಗಾಣಿಕೆ ಕಳೆದು ಕೈಗೆ ಬರುವುದೆಷ್ಟು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಹಾರಾಷ್ಟ್ರದ ಬೀಡ ಕಡೆಯ ಕಟಾವಿನ ಗ್ಯಾಂಗು ಬರುವುದು ತಡವಾದರೆ ಹೊಲದಲ್ಲೇ ಕಬ್ಬಿನ ತೂಕ ಇಳಿಯುತ್ತದೆ, ಗ್ಯಾಂಗಿನವರು ಮೇಲುದುಡ್ಡು ಕೇಳುತ್ತಾರೆ, ಅದಕ್ಕೆ ರಸೀದಿ ಇಲ್ಲ.

ಶಾಸಕನ ಕೈಗೆ ಸಿಗುವುದು ಎರಡು. ಒಂದು ಬಾಕಿ. ಕಬ್ಬು ನಿಯಂತ್ರಣ ಆದೇಶ 1966ರ ಪ್ರಕಾರ ಕಬ್ಬು ಹೋದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ 15 ಬಡ್ಡಿ. ಬಡ್ಡಿ ಕೊಟ್ಟ ಉದಾಹರಣೆ ನಮ್ಮ ರೈತರ ಬಾಯಲ್ಲಿ ನಾನು ಕೇಳಿಲ್ಲ. ಕಾರ್ಖಾನೆವಾರು ಬಾಕಿ ಎಷ್ಟು, ಬಡ್ಡಿ ಎಷ್ಟು ಕೊಡಿಸಿದ್ದೀರಿ ಎಂದು ಸದನದಲ್ಲಿ ಲಿಖಿತ ಉತ್ತರ ಪಡೆದರೆ ರೈತ ಸಂಘದವರ ಕೈಗೆ ಒಂದು ದಾಖಲೆ ಸಿಗುತ್ತದೆ. ಎರಡನೆಯದು ತೂಕ. ಹೊರಗೆ ತೂಗಿಸಿ ತಂದ ಕಬ್ಬನ್ನೂ ಒಪ್ಪಬೇಕು, ಇಳುವರಿ ತೆಗೆಯುವಾಗ ರೈತರ ಪ್ರತಿನಿಧಿ ಎದುರಿಗಿರಬೇಕು. ಇದಕ್ಕೆ ನಾನು ನಿಮ್ಮೊಂದಿಗಿದ್ದೇನೆ, ಹಂಗಾಮು ಮುಗಿದ ಮೇಲೂ.

ಪ್ರಶ್ನೆ: ಬೆಳಗಾವಿ ಅಧಿವೇಶನ ಬರೀ ಖರ್ಚು ಅನ್ನುತ್ತಾರೆ. ನಿಮಗೇನು ಅನಿಸುತ್ತದೆ? (ನಿವೃತ್ತ ಶಿಕ್ಷಕರು, ಬೆಳಗಾವಿ)

ಸರ್, 2006ರಲ್ಲಿ ಮೊದಲ ಸಲ ಬೆಳಗಾವಿಯಲ್ಲಿ ಸದನ ಕೂಡಿದ್ದು ಕೆಎಲ್‌ಇ ಆವರಣದಲ್ಲಿ. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಸುವರ್ಣ ವಿಧಾನಸೌಧ ಉದ್ಘಾಟಿಸಿದರು. ಆ ಕಟ್ಟಡ ಈ ಭಾಗದ ಜನರಿಗೆ ಕೊಟ್ಟ ಮಾತು. ಅದರಲ್ಲಿ ವರ್ಷಕ್ಕೆ ಎರಡು ವಾರವಷ್ಟೇ ದೀಪ ಉರಿದರೆ ಮಾತು ಅರ್ಧ ನಡೆಸಿದಂತೆ. ನೀರಾವರಿ, ಸಕ್ಕರೆ, ಜವಳಿಗೆ ಸಂಬಂಧಿಸಿದ ರಾಜ್ಯ ಮಟ್ಟದ ಕಚೇರಿಗಳು ವರ್ಷಪೂರ್ತಿ ಅಲ್ಲಿ ಕೂರಬೇಕು. ಇಳಕಲ್ಲಿನ ನೇಕಾರ ಒಂದು ಸಹಿಗಾಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬಾರದು.

ಉತ್ತರ ಕರ್ನಾಟಕದ ಚರ್ಚೆಯನ್ನು ಕೊನೆಯ ದಿನಗಳಿಗೆ ನೂಕುವುದು ನನಗೆ ಬಹಳ ನೋವು ತರುತ್ತದೆ. ಮೊದಲ ದಿನವೇ ಅದು ಶುರುವಾಗಬೇಕು.

ಅಧಿವೇಶನದ ದಿನಗಳಲ್ಲಿ ಕೊಂಡಸಕೊಪ್ಪದ ಕಡೆ ಧರಣಿಯ ಟೆಂಟುಗಳಿರುತ್ತವಲ್ಲ, ಸದನ ಮುಗಿದ ಮೇಲೆ ನಾನು ಅಲ್ಲಿಗೆ ಹೋಗುತ್ತೇನೆ. ಅತಿಥಿ ಶಿಕ್ಷಕರು, ಅಂಗನವಾಡಿಯವರು, ನೇಕಾರರು, ಮುಳುಗಡೆಯವರು. ಬೆಂಗಳೂರಿನಲ್ಲಾದರೆ ಇಷ್ಟು ದೂರ ಬರಲಾಗದ ಜನ ಇಲ್ಲಿ ಬರುತ್ತಾರೆ. ಖರ್ಚಿನ ಲೆಕ್ಕ ಹಾಕುವವರು ಅವರ ಬಸ್ ಚಾರ್ಜು ಉಳಿದದ್ದನ್ನೂ ಲೆಕ್ಕಕ್ಕೆ ಹಿಡಿಯಲಿ.

ಪ್ರಶ್ನೆ: ಸ್ಥಳೀಯ ಅಭಿವೃದ್ಧಿ ನಿಧಿಯಲ್ಲಿ ನಮ್ಮ ಓಣಿಯ ಸಮುದಾಯ ಭವನಕ್ಕೆ ಯಾಕೆ ಕೊಡಲಿಲ್ಲ? (ಹೆಸರು ಬೇಡ)

ವರ್ಷಕ್ಕೆ 2 ಕೋಟಿ. ನಾನು ಪಟ್ಟಿ ಕೊಡುತ್ತೇನೆ, ಜಿಲ್ಲಾಧಿಕಾರಿಗಳು ಮಂಜೂರು ಮಾಡುತ್ತಾರೆ. ಇಡೀ ಕ್ಷೇತ್ರದ ಊರುಗಳಿಗೆ ಹಂಚಬೇಕು. ಈ ಸಲ ಶಾಲೆಗಳ ಶೌಚಾಲಯ, ಸ್ಮಶಾನದ ದಾರಿ ಮೊದಲು ಎಂದು ಇಟ್ಟುಕೊಂಡೆ. ಹೆಣ್ಣುಮಕ್ಕಳು ನೀರು ಕುಡಿಯದೆ ಶಾಲೆಗೆ ಬಂದು ಹೋಗುವುದನ್ನು ಕಂಡ ಮೇಲೆ ಭವನ ಒಂದು ವರ್ಷ ತಡವಾಗಲಿ ಅನಿಸಿತು.

ಪ್ರಶ್ನೆ: ಮಗ ಧಾರವಾಡದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾನೆ. ಒಬ್ಬರು ರೊಕ್ಕ ಕೊಟ್ಟರೆ ನೌಕರಿ ಮಾಡಿಸುತ್ತೇನೆ ಅಂದಿದ್ದಾರೆ. ನಿಮ್ಮ ಮಾತು ನಡೆಯುತ್ತದೆಯೇ? (ತಾಯಿ, ಬಾದಾಮಿ ತಾಲೂಕು)

ಯವ್ವಾ, ಒಂದು ರೂಪಾಯಿ ಕೊಡಬೇಡಿ. ಹೊಲ ಮಾರಬೇಡಿ, ಬಂಗಾರ ಅಡ ಇಡಬೇಡಿ. 545 ಪಿಎಸ್‌ಐ ಹುದ್ದೆಗಳ ನೇಮಕಾತಿಯಲ್ಲಿ ಅಕ್ರಮ ಹೊರಬಿದ್ದು 2022ರಲ್ಲಿ ಇಡೀ ಪಟ್ಟಿಯೇ ರದ್ದಾಯಿತು. ದುಡ್ಡು ಕೊಟ್ಟವರು ಜೈಲು ಕಂಡರು, ಕಷ್ಟಪಟ್ಟು ಓದಿ ಪಾಸಾದವರು ಮತ್ತೆ ಪರೀಕ್ಷೆ ಬರೆಯಬೇಕಾಯಿತು. ನೇಮಕಾತಿಯಲ್ಲಿ ನನ್ನ ಮಾತು ನಡೆಯುವುದಿಲ್ಲ, ನಡೆಯಲೂಬಾರದು. ನಡೆದರೆ ನಿಮ್ಮ ಮಗನಷ್ಟೇ ಓದಿದ ಇನ್ನೊಬ್ಬ ತಾಯಿಯ ಮಗ ಹೊರಗುಳಿಯುತ್ತಾನೆ. ನಾನು ಮಾಡಬಲ್ಲದ್ದು ತಾಲೂಕು ಗ್ರಂಥಾಲಯ ರಾತ್ರಿ ತೆರೆದಿರುವಂತೆ, ಪರೀಕ್ಷೆಯ ಪುಸ್ತಕಗಳು ಅಲ್ಲಿ ಇರುವಂತೆ ನೋಡುವುದು. ಖಾಲಿ ಹುದ್ದೆ ತುಂಬಿ ಎಂದು ಸದನದಲ್ಲಿ ಕೇಳುವುದು. ಮಗನಿಗೆ ನನ್ನ ಶುಭಾಶಯ ಹೇಳಿ.

ಪ್ರಶ್ನೆ: ಜನವರಿಯಲ್ಲಿ ನಿಮ್ಮನ್ನು ಕಾಣಬೇಕು. ಏನೇನು ತರಬೇಕು? (ಓದುಗರು, ನಮ್ಮದೇ ಕ್ಷೇತ್ರದವರು)

ಮೊದಲು ಕಚೇರಿಗೆ ಕೊಟ್ಟ ಅರ್ಜಿಯ ಸ್ವೀಕೃತಿ ತನ್ನಿ, ಅದಿಲ್ಲದೆ ಯಾರನ್ನೂ ಕೇಳಲು ಆಧಾರ ಇರುವುದಿಲ್ಲ. ಆಸ್ಪತ್ರೆಯ ವಿಷಯವಾದರೆ ದಯವಿಟ್ಟು ಬಿಲ್ಲಿನ ಸಂಗಡ ಬರಬೇಡಿ, ಅಡ್ಮಿಟ್ ಆಗುವ ಮೊದಲೇ ಫೋನ್ ಮಾಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಈ ಒಂದು ಕಾಗದ ಇಲ್ಲದ್ದಕ್ಕೆ ಸಾಲ ಮಾಡಿದವರನ್ನು ಈ ವರ್ಷ ಬಹಳ ನೋಡಿದ್ದೇನೆ, ಅವರ ಸಲುವಾಗಿ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಬರೆದದ್ದೂ ಉಂಟು. ಅದು ಬರುವುದು ನಿಧಾನ, ಬರುವುದೂ ಸ್ವಲ್ಪ.

ಜಗಳದ ಹೊಲದ ದಾರಿಗೆ ಇಬ್ಬರೂ ಕೂಡಿ ಬಂದರೆ ಒಳ್ಳೆಯದು. ಮದುವೆ ಕರೆಯಲು ಬರುವವರು ಕಾರ್ಡನ್ನು ಹುಡುಗರ ಕೈಗೆ ಕೊಟ್ಟು ಹೋಗಿ, ಅಂಗಳದಲ್ಲಿ ಕಾಯಬೇಡಿ. ಸಾವಿನ ಮನೆಗೆ ನಾನೇ ಬರುತ್ತೇನೆ, ಹೇಳಿಕಳಿಸಿದರೆ ಸಾಕು.

ಇನ್ನು ಟಿಸಿ ಸುಟ್ಟಿದ್ದರೆ ಬಸ್ ಚಾರ್ಜು ಖರ್ಚು ಮಾಡಿ ಬರುವುದೇ ಬೇಡ. ಕೂತಲ್ಲಿಂದ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೊಗೊಳ್ಳಿ, ತಾರೀಕು ಬರೆದಿಡಿ. ಅವರು ಹೇಳಿದ ದಿನಕ್ಕೆ ಬದಲಾಗದಿದ್ದರೆ ಆ ನಂಬರನ್ನು ನಮ್ಮ ಕಚೇರಿಗೆ ತಿಳಿಸಿ. ಮುಂದಿನ ಫೋನ್ ನಾನು ಮಾಡುತ್ತೇನೆ.